ಅಂಚಿನ ಹಿಂದೆ ಹೊರಟ ತೂತುಗಳು

ಒಮ್ಮೆ ಎಳೆದ ಗೆರೆ ಎಳೆದ ಜಾಗದಲ್ಲೇ ಇರುತ್ತದೆ ಎಂದು ನಂಬಿಕೊಂಡು ನಾನು ಅರ್ಧ ಆಯುಷ್ಯ ಕಳೆದೆ. ದೇವರ ವಿಷಯದಲ್ಲಿ ಆಗಾಗ ಅನುಮಾನ ಬಂದದ್ದುಂಟು. ಗೆರೆಯ ವಿಷಯದಲ್ಲಿ ಎಂದೂ ಬಂದಿರಲಿಲ್ಲ. ಉಳಿದರ್ಧ ಆಯುಷ್ಯದಲ್ಲಿ ಆ ನಂಬಿಕೆ ಹೇಗೆ ಮುರಿದುಬಿತ್ತು, ಬೀಳುವಾಗ ಯಾರ್ಯಾರ ಕಾಲ ಮೇಲೆ ಬಿತ್ತು ಎಂಬುದನ್ನು ಬರೆದಿಡಬೇಕೆನಿಸಿದೆ. ಡಿಪ್ಲೊಮಾ ಮುಗಿಸಿ ನೇರವಾಗಿ ಕಂಪ್ಯೂಟರಿನ ಮುಂದೆ ಕೂರುವ ಮಕ್ಕಳಿಗೆ ಇದರಿಂದ ಉಪಯೋಗವಾದರೆ ಸಂತೋಷ. ಆಗದಿದ್ದರೆ, ನಿವೃತ್ತನಾದವನಿಗೆ ಮಧ್ಯಾಹ್ನಗಳು ಬಹಳ ಉದ್ದ ಎಂದು ತಿಳಿದು ಕ್ಷಮಿಸಬೇಕು.

ನಾನು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ಮಾಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹುಟ್ಟಿದ್ದು ಮಾಗಡಿಯ ತಿಪ್ಪಸಂದ್ರದ ಕಡೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದರಿಂದ ಯಾರೂ ಕಲಿಯುವಂಥದ್ದು ಏನೂ ಇಲ್ಲವಾದ್ದರಿಂದ ಆ ಅಧ್ಯಾಯವನ್ನು ಇಲ್ಲಿಗೇ ಮುಗಿಸಿದ್ದೇನೆ.

ಮೊದಲಿಗೆ ಬೋರ್ಡಿನ ಕಾಲದ ಬಗ್ಗೆ ಎರಡು ಮಾತು. ಆಗ ಇಳಿಜಾರಾಗಿ ನಿಲ್ಲಿಸಿದ ದೊಡ್ಡ ಹಲಗೆ, ಅದರ ಮೇಲೆ ಟ್ರೇಸಿಂಗ್ ಕಾಗದ, ಕೈಯಲ್ಲಿ ಇಂಕಿನ ಪೆನ್ನು. ಗಿರಾಕಿ ಬಂದು, ‘ಈ ಪ್ಲೇಟು ಒಂದಿಂಚು ಉದ್ದ ಬೇಕು’ ಎಂದರೆ ನಮ್ಮ ಶಸ್ತ್ರಚಿಕಿತ್ಸೆ ಹೀಗಿರುತ್ತಿತ್ತು: ಅರ್ಧ ಮುರಿದ ಶೇವಿಂಗ್ ಬ್ಲೇಡು ತೆಗೆದುಕೊಂಡು, ಉಸಿರು ಬಿಗಿಹಿಡಿದು, ಪ್ಲೇಟಿನ ಒಂದು ಕಡೆಯ ಅಂಚನ್ನು ಕಾಗದದಿಂದ ಕೆರೆದು ತೆಗೆಯುವುದು, ಅದರಾಚೆ ಹೊಸ ಗೆರೆ ಎಳೆಯುವುದು, ಅಳತೆಯ ಅಂಕಿ ತಿದ್ದುವುದು. ಪ್ಲೇಟಿನೊಳಗಿನ ತೂತುಗಳಿಗೆ ಈ ಸಂಗತಿ ಗೊತ್ತೇ ಆಗುತ್ತಿರಲಿಲ್ಲ. ಅವು ತಮ್ಮ ಪಾಡಿಗೆ ಇದ್ದಲ್ಲೇ ಇರುತ್ತಿದ್ದವು. ತೂತು ಸರಿಯಬೇಕಾದರೆ ಯಾರಾದರೂ ಅದನ್ನು ಕೆರೆದು ಬೇರೆ ಕಡೆ ಬರೆಯಬೇಕು. ಇದು ನಮಗೆ ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಖಚಿತವಾದ ಸಂಗತಿಯಾಗಿತ್ತು. ಓದುಗರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು.

ನಮ್ಮ ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದ ದಿನ ಮಾಲೀಕರು ಅದಕ್ಕೆ ಪೂಜೆ ಮಾಡಿಸಿದರು. ಪರದೆಗೆ ಕುಂಕುಮ, ಕೀಬೋರ್ಡಿಗೆ ಹೂವು. ಮೌಸಿಗೂ ಯಾರೋ ಭಕ್ತಿಯಿಂದ ಕುಂಕುಮ ಹಚ್ಚಿದರು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ಗುಂಡು ಉರುಳುತ್ತಿತ್ತು. ಕುಂಕುಮ ಅಲ್ಲಿಗೆ ಇಳಿದು, ಹೊಸ ಯುಗದ ಮೊದಲ ಮೂರು ದಿನ ನಮ್ಮ ಬಾಣದ ಗುರುತು ಎಡಕ್ಕೆ ಹೋಗುತ್ತಿತ್ತೇ ಹೊರತು ಬಲಕ್ಕೆ ಬರುತ್ತಿರಲಿಲ್ಲ.

ಅದು ರಿಪೇರಿಯಾದ ಮೇಲೆ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಸಲು ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಬಹಳ ವಿನಯವಂತ.

“ಸಾರ್, ಒಂದು ಆಯತ ಬರೀರಿ,” ಎಂದ.

ಬರೆದೆ. ನಾಲ್ಕು ಗೆರೆ, ನಾಲ್ಕು ಮೂಲೆ. ಹಲಗೆಯ ಮೇಲೆ ಸಾವಿರಾರು ಬರೆದ ಕೈ. ಕಂಪ್ಯೂಟರಿನ ಮೇಲೂ ಅಂದವಾಗಿಯೇ ಬಂತು.

“ಚೆನ್ನಾಗಿದೆ. ಈಗ ಈ ಮೂಲೆ ಹಿಡಿದು ಒಸಿ ಎಳೀರಿ.”

“ಯಾಕಪ್ಪ ಎಳೀಬೇಕು? ಸರಿಯಾಗೇ ಇದೆಯಲ್ಲ.”

“ಎಳೀರಿ ಸಾರ್.”

ಎಳೆದೆ. ನನ್ನ ಆಯತ ಒಂದು ಕಡೆ ಬಾಯಿ ಬಿಟ್ಟುಕೊಂಡಿತು. ಒಂದು ಗೆರೆ ನನ್ನ ಬಾಣದ ಜೊತೆ ಹೊರಟಿತು, ಪಕ್ಕದ್ದು ‘ನನಗೇನು’ ಎಂಬಂತೆ ಅಲ್ಲೇ ನಿಂತಿತು, ಮೂರನೆಯದು ಓರೆಯಾಯಿತು. ನೋಡನೋಡುತ್ತಲೇ ಅದು ತಂತಿಗೆ ಸಿಕ್ಕಿ ಹರಿದ ಗಾಳಿಪಟದಂತೆ ಆಯಿತು. ನಾನು ಮೌಸಿನಿಂದ ಕೈ ತೆಗೆದುಬಿಟ್ಟೆ. ಬಿಸಿ ಬಾಣಲೆ ಮುಟ್ಟಿದಂತೆ ತೆಗೆದೆ ಎಂದು ನೋಡಿದವರು ಹೇಳುತ್ತಾರೆ.

“ನೀವು ಬರೆದಿದ್ದು ಆಯತ ಅಲ್ಲ ಸಾರ್,” ಎಂದ ಆ ಹುಡುಗ, ಬೇಸರಪಡಿಸಬಾರದೆಂಬ ಕಾಳಜಿಯಿಂದ. “ಆಯತದ ಥರ ಕಾಣೋ ನಾಕು ಗೆರೆ. ಇವು ಒಂದಕ್ಕೊಂದು ಅಂಟಿಕೊಂಡಿರಬೇಕು, ಇದು ಅಡ್ಡ, ಇದು ನೆಟ್ಟಗೆ ಅಂತ ನೀವು ಕಂಪ್ಯೂಟರ್‌ಗೆ ಹೇಳಲೇ ಇಲ್ಲ.”

ಮೂಲೆಯೆಂದರೆ ಎರಡು ಗೆರೆ ಸೇರಿರುತ್ತವೆ ಎಂದು ಯಾರಿಗಾದರೂ ಹೇಳಬೇಕೇ? ಹೇಳಬೇಕು. ಅದನ್ನು ಹೇಳುವುದೇ ಈ ಕಸುಬಿನ ಮೊದಲ ಪಾಠ. ಅದಕ್ಕೆ ಅವರು ಕನ್‌ಸ್ಟ್ರೇಂಟ್ ಎನ್ನುತ್ತಾರೆ. ನಾನು ಅಂದಿನಿಂದ ಕಟ್ಟು ಎಂದು ಕರೆದೆ. ಈ ತುದಿ ಆ ತುದಿಗೆ ಕಟ್ಟು. ಈ ಗೆರೆ ಆ ಗೆರೆಗೆ ಸಮಾನಾಂತರ ಎಂಬುದು ಒಂದು ಕಟ್ಟು. ಈ ವೃತ್ತದ ಕೇಂದ್ರ ನಡುಗೆರೆಯ ಮೇಲೇ ಇರಬೇಕು ಎಂಬುದು ಇನ್ನೊಂದು ಕಟ್ಟು. ಕಟ್ಟು ಸಂಬಂಧ ಹೇಳುತ್ತದೆ, ಅಳತೆ ದೂರ ಹೇಳುತ್ತದೆ. ಎರಡೂ ಸೇರಿ ಆಕಾರಕ್ಕೆ ಅಲುಗಾಡಲು ದಾರಿಯೇ ಇಲ್ಲದಂತಾದಾಗ ನಮ್ಮ ಪರದೆಯ ಮೇಲೆ ನೀಲಿ ಗೆರೆಗಳೆಲ್ಲ ಕಪ್ಪಾಗುತ್ತಿದ್ದವು. ಎಲ್ಲಿ ನೀಲಿ ಉಳಿದಿದೆಯೋ ಅಲ್ಲಿ ಹಗ್ಗ ಸಡಿಲ ಎಂದರ್ಥ. ಕಣ್ಣಿಗೆ ಸರಿ ಕಂಡದ್ದನ್ನು ಸರಿ ಎನ್ನಬೇಡಿ. ಮೂಲೆ ಹಿಡಿದು ಎಳೆದು ನೋಡಿ. ಹೆಣ್ಣು ಗಂಡು ನೋಡುವಾಗಲೂ ಇಂಥ ಒಂದು ಸೌಲಭ್ಯವಿದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಒಮ್ಮೆ ಹೆದರಿದವನು ಹಗ್ಗವನ್ನೆಲ್ಲ ಹಾವು ಎನ್ನುತ್ತಾನೆ. ನಾನು ಮಾಡಿದ್ದೂ ಅದನ್ನೇ. ಆ ತಂತ್ರಾಂಶದಲ್ಲಿ ಯಾವ ಗೆರೆಯನ್ನಾದರೂ ಇದ್ದಲ್ಲೇ ಮೊಳೆ ಹೊಡೆದು ನಿಲ್ಲಿಸುವ ಒಂದು ಗುಂಡಿ ಇತ್ತು. ನಾನು ಏನು ಬರೆದರೂ ಕೊನೆಯಲ್ಲಿ ಎಲ್ಲಕ್ಕೂ ಆ ಮೊಳೆ ಹೊಡೆದುಬಿಡುತ್ತಿದ್ದೆ. ಎಲ್ಲ ಕಪ್ಪಾಗುತ್ತಿತ್ತು, ನನ್ನ ಎದೆಗೂ ತಂಪಾಗುತ್ತಿತ್ತು. ಒಂದು ತಿಂಗಳು ಕಳೆದ ಮೇಲೆ ಗಿರಾಕಿಯೊಬ್ಬ ಗೂಡು ಬೇಯಿಸುವ ತೊಟ್ಟಿಯ ಅಗಲ ಹೆಚ್ಚಿಸಿ ಎಂದ. ಅಂಕಿ ಬದಲಾಯಿಸಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಎಲ್ಲಿ ಮುಟ್ಟಿದರೂ ಕೆಂಪು. ಕೊನೆಗೆ ಇಡೀ ತೊಟ್ಟಿಯನ್ನು ಮೊದಲಿನಿಂದ ಬರೆದೆ.

ನಮ್ಮ ಫಿಟ್ಟರ್ ಚಿಕ್ಕೀರಯ್ಯ ಆಗ ನನ್ನ ಹಿಂದೆ ನಿಂತು ಬೀಡಿ ಇಲ್ಲದ ಬಾಯನ್ನು ಹಾಗೇ ಜಗಿಯುತ್ತಿದ್ದ. ನನ್ನ ವಯಸ್ಸಿನವನೇ, ಸಲುಗೆ ಹೆಚ್ಚು.

“ಏನ್ಲಾ ಚೆನ್ನಪ್ಪ, ಒಸಿ ಅಗಲ ಮಾಡು ಅಂದ್ರೆ ದಿನಾ ಪೂರ್ತಿ ಕುಂತಿದ್ದೀಯಲ್ಲ. ಮೊದ್ಲು ಬ್ಲೇಡಲ್ಲಿ ಟೀ ಬರೋದ್ರೊಳಗೆ ಮಾಡ್ಬುಡ್ತಿದ್ದೆ.”

“ಇದು ಪ್ರಗತಿ ಕಣ್ಲಾ,” ಎಂದೆ.

“ಹಂಗಾದ್ರೆ ಸರಿ. ನಾನೇನೋ ಕೆಟ್ಟೋಗೈತೆ ಅಂದ್ಕಂಡಿದ್ದೆ.”

ಇನ್ನು ನಮ್ಮ ಡಿಸೈನ್ ವಿಭಾಗದ ಮುಖ್ಯಸ್ಥರಾದ ಶೇಷಗಿರಿ ಸಾಹೇಬರ ವಿಷಯ. ಅವರು ನನಗಿಂತ ಹಿರಿಯರು, ಹಲಗೆಯ ಕಾಲದಲ್ಲಿ ಅವರ ಕೈಬರಹದ ಅಂಕಿಗಳನ್ನು ನೋಡಲು ಬೇರೆ ಕಾರ್ಖಾನೆಯವರು ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಕೆಳಗಿನವರು ಎದುರು ಮಾತಾಡುವುದನ್ನು ಅವರು ಕೋಪದಿಂದ ನೋಡುತ್ತಿರಲಿಲ್ಲ. ಅಂಥದ್ದೊಂದು ಪ್ರಕೃತಿಯಲ್ಲಿ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರ ಒಂದು ನಿಯಮ: ನಕ್ಷೆ ನೋಡಿದ ಕೆಲಸಗಾರ ಕೂಡಿ ಕಳೆಯಬಾರದು. ಬಿಡಿ ಅಳತೆಗಳೂ ಇರಬೇಕು, ಒಟ್ಟು ಅಳತೆಯೂ ಇರಬೇಕು. ಕಾಗದದ ಮೇಲೆ ಅದು ಒಳ್ಳೆಯ ನಿಯಮವೇ. ಆದರೆ ಕಂಪ್ಯೂಟರಿನಲ್ಲಿ ಬರೆಯುವ ಸ್ಕೆಚ್ಚಿನಲ್ಲಿ ಎಡದ ತುಂಡು, ನಡುವಿನ ತುಂಡು, ಬಲದ ತುಂಡು ಮೂರಕ್ಕೂ ಅಳತೆ ಕೊಟ್ಟು, ಮೇಲೆ ಒಟ್ಟು ಉದ್ದವನ್ನೂ ಕಟ್ಟಿದರೆ ಯಂತ್ರ ಒಪ್ಪುವುದಿಲ್ಲ. ‘ಇದರಲ್ಲಿ ಒಂದು ಹೆಚ್ಚಾಯಿತು, ಯಾವುದನ್ನು ಬಿಡಲಿ?’ ಎಂದು ಕೇಳುತ್ತದೆ.

ಸಾಹೇಬರು ಆ ಪ್ರಶ್ನೆಯನ್ನು ಬಹಳ ಹೊತ್ತು ಓದಿದರು.

“ಇದು ಯಾರನ್ನ ಕೇಳ್ತಾ ಇದೆ ಚೆನ್ನಪ್ಪ?”

“ತಮ್ಮನ್ನೇ ಸಾರ್.”

“ನನ್ನನ್ನ?”

“ಕೂತಿರೋರು ತಾವೇ ತಾನೆ ಸಾರ್.”

ಅವರು ಎದ್ದು ಹೊರಟುಹೋದರು. ಅಂದಿನಿಂದ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಯುವ ಕೆಲಸ ನಮ್ಮದು, ಪರಿಶೀಲಿಸಿ ಸಹಿ ಹಾಕುವ ಕೆಲಸ ಅವರದು ಎಂದು ಭೂಮಂಡಲ ಹಂಚಿಹೋಯಿತು. ತುರ್ತಾದರೆ ಒಂದು ಅಂಕಿ ತಿದ್ದುವುದನ್ನು ಮಾತ್ರ ಅವರು ಕಲಿತುಕೊಂಡಿದ್ದರು.

ಹೀಗೇ ವರ್ಷಗಳು ಹೋದವು, ತಂತ್ರಾಂಶಗಳು ಬದಲಾದವು, ಮೌಸಿನ ಗುಂಡು ಮಾಯವಾಯಿತು, ನಿವೃತ್ತಿಯ ವಯಸ್ಸು ದಾಟಿದರೂ ಸಾಹೇಬರನ್ನು ಮಾಲೀಕರು ಬಿಡಲಿಲ್ಲ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲು ನಾಗರತ್ನ ಎಂಬ ಹುಡುಗಿ ನಮ್ಮಲ್ಲಿ ಟ್ರೇನಿಯಾಗಿ ಸೇರಿದಳು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವಳು, ಡಿಪ್ಲೊಮಾ ಆಗಿತ್ತು. ಹಾರೋಹಳ್ಳಿಯಲ್ಲೇ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಪರೀಕ್ಷಾ ಅವಧಿ ಮುಗಿದರೆ ಕೆಲಸ ಕಾಯಂ. ಮುಗಿಯುವ ಮೊದಲೇ ‘ನಕ್ಷೆ ತಪ್ಪು ಮಾಡಿದಳು’ ಎಂದು ಕಳಿಸಿಬಿಟ್ಟರೆ ಆ ಊರಿನಲ್ಲಿ ಬೇರೆ ಕಡೆ ಕೇಳುವುದೂ ಕಷ್ಟ. ಒಂದು ಕಾರ್ಖಾನೆಯ ಸುದ್ದಿ ಅಂದಿನ ಸಂಜೆಯ ಬಸ್ಸಿನಲ್ಲೇ ಉಳಿದ ಕಾರ್ಖಾನೆಗಳಿಗೆ ತಲುಪುವ ಊರು ಅದು.

ಅವಳ ಸ್ಕೆಚ್ಚುಗಳು ಅಚ್ಚುಕಟ್ಟು. ಎಲ್ಲ ಕಪ್ಪು, ಒಂದೆಳೆ ನೀಲಿ ಇಲ್ಲ. ಮೊಳೆ ಹೊಡೆಯುವ ಗುಂಡಿಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ.

ಆಗ ಕನಕಪುರದ ಹೊಂಬಾಳೇಗೌಡರು ಆರು ಯಂತ್ರಗಳಿಗೆ ಆರ್ಡರ್ ಕೊಟ್ಟರು. ಹೊಸ ಶೆಡ್ಡು, ಹೊಸ ನೆಲ. ಪ್ರತಿ ಯಂತ್ರದ ತಳಕ್ಕೆ ಒಂದು ದಪ್ಪ ಕಬ್ಬಿಣದ ಬೆಡ್ ಪ್ಲೇಟು. ಅದರ ನಾಲ್ಕು ಮೂಲೆಯ ಹತ್ತಿರ ನಾಲ್ಕು ತೂತು. ನೆಲದ ಕಾಂಕ್ರೀಟಿನಲ್ಲಿ ಮೊದಲೇ ಹೂತ ನಾಲ್ಕು ಬೋಲ್ಟುಗಳು ಆ ತೂತುಗಳಲ್ಲಿ ಮೇಲೆ ಬರಬೇಕು, ನಟ್ಟು ಬಿಗಿಯಬೇಕು. ನಾಗರತ್ನ ಪ್ಲೇಟನ್ನು ಸಾವಿರದೈನೂರು ಮಿಲಿಮೀಟರ್ ಉದ್ದಕ್ಕೆ ಬರೆದಳು. ಎಡದ ಅಂಚಿನಿಂದ ಎಡದ ತೂತುಗಳಿಗೆ ನೂರು, ಬಲದ ಅಂಚಿನಿಂದ ಬಲದ ತೂತುಗಳಿಗೆ ನೂರು. ನಡುವೆ ತಾನಾಗಿಯೇ ಸಾವಿರದ ಮುನ್ನೂರು ಉಳಿಯಿತು. ಸಾಹೇಬರು ಸಹಿ ಹಾಕಿದರು. ಚಿಕ್ಕೀರಯ್ಯ ಆ ನಕ್ಷೆ ಹಿಡಿದು ಕನಕಪುರಕ್ಕೆ ಹೋಗಿ, ಬೋಲ್ಟುಗಳನ್ನು ಸಾವಿರದ ಮುನ್ನೂರರ ಅಂತರದಲ್ಲಿ ಹೂತು, ಕಾಂಕ್ರೀಟು ಹಾಕಿಸಿ ಬಂದ.

ಅದಾದ ವಾರಕ್ಕೆ ಹೊಂಬಾಳೇಗೌಡರು ಆಫೀಸಿಗೆ ಬಂದರು. ಮುಖ ಸಪ್ಪಗಿತ್ತು.

“ನಮ್ ದೊಡ್ಡಪ್ಪ ನಕ್ಷೆ ನೋಡಿದ್ರು ಸ್ವಾಮಿ. ಉದ್ದ ಅಗಲ ಗುಣಿಸಿ ಆಯ ಹಾಕಿದ್ರು. ಖರಾಯ ಬತ್ತದೆ ಅಂತವ್ರೆ.”

ಮನೆ ಕಟ್ಟುವಾಗ ಉದ್ದ ಅಗಲಗಳಿಂದ ಆಯ ಲೆಕ್ಕ ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗುಣಿಸಿ ಬಂದದ್ದನ್ನು ಎಂಟರಿಂದ ಭಾಗಿಸಿ, ಶೇಷ ಉಳಿದದ್ದನ್ನು ನೋಡಿ ಸಿಂಹಾಯ, ಗಜಾಯ ಎಂದು ಹೇಳುತ್ತಾರೆ. ಖರ ಎಂದರೆ ಕತ್ತೆ. ಯಂತ್ರದ ತಳಕ್ಕೂ ಆಯ ನೋಡಿದ್ದು ಮಾತ್ರ ನನ್ನ ಸೇವಾವಧಿಯಲ್ಲಿ ಅದೇ ಮೊದಲು.

“ಮೆಷಿನ್‌ಗೂ ಆಯ ನೋಡ್ತಾರಾ ಗೌಡ್ರೇ?” ಎಂದೆ.

“ರೇಸ್ಮೆ ಬರೋ ಜಾಗ ಅಲ್ವರಾ? ಮನೆಗಿಂತ ಹೆಚ್ಚು. ಒಂದಿಂಚು ಉದ್ದ ಮಾಡಿದ್ರೆ ಗಜಾಯ ಆಯ್ತದಂತೆ. ಒಂದಿಂಚು ಕಬ್ಬಿಣ, ಏನ್ ಮಾ ದೊಡ್ಡದು. ಕತ್ತೆ ಮೇಲೆ ಆರು ಮೆಷಿನ್ ಕೂರಿಸು ಅಂದ್ರೆ ನಾನೆಂಗ್ ಕೂರ್ಸಲಿ?”

ಗಿರಾಕಿಯ ನಂಬಿಕೆಯನ್ನು ಪ್ರಶ್ನಿಸುವ ಕಾಲಂ ನಮ್ಮ ನಕ್ಷೆಯಲ್ಲಿ ಇಲ್ಲವಾದ್ದರಿಂದ ಆಗಲಿ ಎಂದೆವು. ಮರುದಿನ ನಾನು ಯಾವುದೋ ಹಳೆಯ ಯಂತ್ರದ ಅಳತೆ ತೆಗೆಯಲು ರಾಮನಗರಕ್ಕೆ ಹೋಗಿದ್ದೆ. ನಾಗರತ್ನ ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿದ್ದಳು. ಒಂದು ಅಂಕಿಯ ಕೆಲಸ ತಾನೆ ಎಂದು ಶೇಷಗಿರಿ ಸಾಹೇಬರೇ ಅವಳ ಕಂಪ್ಯೂಟರಿನ ಮುಂದೆ ಕೂತು, ಸಾವಿರದೈನೂರು ಇದ್ದದ್ದನ್ನು ಸಾವಿರದೈನೂರ ಇಪ್ಪತ್ತೈದು ಮಾಡಿ, ಪ್ರಿಂಟು ತೆಗೆದು, ಸಹಿ ಹಾಕಿ, ವರ್ಕ್‌ಶಾಪಿಗೆ ಕಳಿಸಿದರು. ಆರು ಪ್ಲೇಟು ಕತ್ತರಿಸಿದರು, ತೂತು ಹೊಡೆದರು, ಹಸಿರು ಬಣ್ಣ ಬಳಿದರು.

ಯಂತ್ರ ಕೂರಿಸುವ ದಿನ ಕನಕಪುರದ ಶೆಡ್ಡಿನಲ್ಲಿ ಗೌಡರ ನೆಂಟರೆಲ್ಲ ಸೇರಿದ್ದರು. ತೆಂಗಿನಕಾಯಿ ಒಡೆದಾಗಿತ್ತು, ಪಕ್ಕದಲ್ಲಿ ಉಪ್ಪಿಟ್ಟು ಕೇಸರಿಬಾತು. ಸಾಹೇಬರು, ನಾನು, ಚಿಕ್ಕೀರಯ್ಯ ಹೋಗಿದ್ದೆವು. ಸರಪಳಿಯಲ್ಲಿ ಮೊದಲ ಪ್ಲೇಟು ಇಳಿಯಿತು. ಎಡಗಡೆ ಬೋಲ್ಟುಗಳು ತೂತಿನಲ್ಲಿ ಸಲೀಸಾಗಿ ಮೇಲೆ ಬಂದವು. ಬಲಗಡೆ ಪ್ಲೇಟು ಬೋಲ್ಟುಗಳ ತಲೆಯ ಮೇಲೆ ಕೂತು ಅಲ್ಲೇ ನಿಂತಿತು.

ಎತ್ತಿ ಇನ್ನೊಮ್ಮೆ ಇಳಿಸಿದರು. ಹಾಗೇ ಕೂತಿತು. ಎರಡನೆಯ ಪ್ಲೇಟು ತಂದರು. ಅದೂ ಹಾಗೇ.

ಹೊಂಬಾಳೇಗೌಡರು ಬಗ್ಗಿ ನೋಡಿದರು. “ದೊಡ್ಡಪ್ಪ ಗಜಾಯ ಅಂದಿದ್ರಲ್ಲ ಸ್ವಾಮಿ. ಆನೆ ಒಂದು ಕಡೆ ಕಾಲೆತ್ತಿಕೊಂಡು ನಿಂತಂಗೈತಲ್ಲ.”

ಚಿಕ್ಕೀರಯ್ಯ ಟೇಪು ಹಿಡಿದ. ಬೋಲ್ಟಿನ ಅಂತರ ಸಾವಿರದ ಮುನ್ನೂರು. ತೂತಿನ ಅಂತರ ಸಾವಿರದ ಮುನ್ನೂರ ಇಪ್ಪತ್ತೈದು. ಒಳಗಡೆಗೆ ಹೊಸ ತೂತು ಹೊಡೆಯೋಣವೆಂದರೆ ಅದು ಹಳೆಯದಕ್ಕೆ ತಗುಲಿ, ಎರಡೂ ಸೇರಿ ಕಡಲೆಕಾಯಿಯ ಆಕಾರವಾಗುತ್ತಿತ್ತು. ಕಡಲೆಕಾಯಿಯಲ್ಲಿ ನಟ್ಟು ನಿಲ್ಲುವುದಿಲ್ಲ. ಆರು ಪ್ಲೇಟೂ ಗುಜರಿಗೆ.

“ಬೋಲ್ಟ್ ನಾನೇ ಇಟ್ಟಿದ್ದು ಸಾ,” ಎಂದ ಚಿಕ್ಕೀರಯ್ಯ, ಸಾಹೇಬರ ಕಡೆ ತಿರುಗಿ. “ನಕ್ಷೆಯಂಗೇ ಇಟ್ಟಿವ್ನಿ. ಕಾಂಕ್ರೀಟ್ ಒಳಗಿಂದ ಎದ್ದು ನಡ್ಕಂಡ್ ಹೋಗಿರಾಕಿಲ್ಲ.”

ಸಾಹೇಬರು ಪ್ಲೇಟಿನ ಅಂಚು ಮುಟ್ಟಿ ತೋರಿಸಿದರು. “ನಾನು ಅಂಚು ಮಾತ್ರ ಬದಲಾಯಿಸಿದ್ದು ಕಣ್ರೀ. ತೂತು ಮುಟ್ಟಿಲ್ಲ. ದೇವರಾಣೆ ಮುಟ್ಟಿಲ್ಲ. ಆ ಹುಡುಗಿ ಮಧ್ಯೆ ಏನೋ ಮಾಡಿದ್ದಾಳೆ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು. ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವ ಮೇಲಧಿಕಾರಿಗಳನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು. ಇವರು ನಿಜವೆಂದೇ ನಂಬಿ ಒಬ್ಬಳ ಕೆಲಸ ತೆಗೆಯಲು ಹೊರಟಿದ್ದರು.

ಮರುದಿನ ಬೆಳಿಗ್ಗೆ ಮಾಲೀಕರು ನಮ್ಮ ವಿಭಾಗಕ್ಕೇ ಬಂದರು. ನಾಗರತ್ನ ಗೋಡೆಯ ಪಕ್ಕ ನಿಂತಿದ್ದಳು. ಸಾಹೇಬರು ತಮಗೆ ತಿಳಿದದ್ದನ್ನು ಹೇಳಿದರು. ಮಾಲೀಕರು ಕೂಗಾಡುವವರಲ್ಲ, ಕೂಗಾಡಿದ್ದರೆ ವಾಸಿಯಿತ್ತು.

“ಈಕೆ ಇನ್ನೂ ಕಾಯಂ ಆಗಿಲ್ಲ ತಾನೆ?” ಎಂದರು. “ಹಾಗಿದ್ರೆ ಸುಲಭ.”

ಸುಲಭ. ಲೇತಿಗೆ ಎಣ್ಣೆ ಬಿಡುವಷ್ಟು ಸಹಜವಾಗಿ ಅವರು ಆ ಪದ ಹೇಳಿದರು. ನಾಗರತ್ನಳ ಕೈ ದುಪಟ್ಟಾದ ತುದಿಯನ್ನು ಸುತ್ತುತ್ತಿದ್ದದ್ದು ನಿಂತುಹೋಯಿತು.

“ಏನಾದ್ರೂ ಹೇಳೋದಿದೆಯೇನಮ್ಮ?”

“ಅಂಚಿಂದ ತೂತಿಗೆ ಅಳತೆ ಕೊಟ್ಟಿದ್ದು ನಾನೇ ಸಾರ್,” ಎಂದಳು. “ಅದು ಬೇರೆ ಥರ ಕೊಡಬೇಕಾಗಿತ್ತು ಅಂತ ನಿನ್ನೆ ಸಂಜೆ ಗೊತ್ತಾಯ್ತು. ಅಷ್ಟು ನಂದು. ಆದ್ರೆ ಸಹಿ ಆದ್ಮೇಲೆ ಆ ಫೈಲ್ ನಾನು ತೆಗೆದಿಲ್ಲ. ತೂತು ಸರಿಸಿಲ್ಲ.”

“ಹಾಗಾದ್ರೆ ತಾನಾಗೇ ಸರೀತಾ?” ಎಂದರು ಸಾಹೇಬರು. ವ್ಯಂಗ್ಯವಾಗಿ ಅಲ್ಲ; ಜಗತ್ತಿನಲ್ಲಿ ಅತಿ ಅಸಂಭವವಾದುದನ್ನು ಕೇಳಿದವರ ಧಾಟಿಯಲ್ಲಿ.

ಮೇಲಿನವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂಬುದು ನಾನು ಬೆಳೆದ ಶಾಲೆಯ ಪಾಠ. ಆದರೂ ಮಾಲೀಕರಿಗೆ ಹೇಳಿದೆ: “ಸಾರ್, ಬೇರೆ ಯಾರೂ ಬೇಡ. ತಾವೇ ಕೂತು ಒಂದು ಅಂಕಿ ಬರೀಬೇಕು.”

“ನಾನಾ? ನನಗೆ ಇದೆಲ್ಲ ಬರಲ್ಲ ಚೆನ್ನಪ್ಪ.”

“ಬರದೇ ಇರೋರೇ ಬೇಕು ಸಾರ್.”

ಅವಳು ಮೊದಲು ಬರೆದ, ಸಾವಿರದೈನೂರರ ಸ್ಕೆಚ್ಚಿನ ಹಳೆಯ ಪ್ರತಿ ಇತ್ತು. ಅದನ್ನು ತೆರೆದೆ. ಕಪ್ಪು ಗೆರೆಗಳ ಪ್ಲೇಟು, ನಾಲ್ಕು ತೂತು. ಎಡದ ಅಂಚು ಇದ್ದಲ್ಲೇ ಇರುವಂತೆ ಅವಳು ಕಟ್ಟಿದ್ದಳು. ಸಾಹೇಬರನ್ನು ಬಲಗಡೆಯ ತೂತುಗಳನ್ನೇ ನೋಡುತ್ತಿರಲು ಕೇಳಿಕೊಂಡೆ. ಮಾಲೀಕರು ಒಂದೇ ಬೆರಳಿನಲ್ಲಿ, ಒಂದು, ಐದು, ಎರಡು, ಐದು ಎಂದು ಬಾಯಲ್ಲಿ ಹೇಳಿಕೊಂಡು ಒತ್ತಿದರು. ಎಂಟರ್ ಎಲ್ಲಿದೆಯೆಂದು ತೋರಿಸಿದೆ.

ಬಲದ ಅಂಚು ಆಚೆಗೆ ಸರಿಯಿತು. ಅದರ ಹಿಂದೆಯೇ, ಹಸುವಿನ ಹಿಂದೆ ಕರು ಹೊರಡುವಂತೆ, ಎರಡು ತೂತುಗಳೂ ಹೊರಟವು. ಅಂಚಿನಿಂದ ನೂರು ಮಿಲಿಮೀಟರ್ ದೂರ ಬಿಡದೆ, ಬಹಳ ವಿಧೇಯವಾಗಿ.

ಮಾಲೀಕರು ಎರಡೂ ಕೈ ಮೇಲಕ್ಕೆತ್ತಿದರು. “ನಾನು ತೂತು ಮುಟ್ಟೇ ಇಲ್ಲ.”

“ಇಲ್ಲ ಸಾರ್. ತಾವು ಮುಟ್ಟಿಲ್ಲ.”

“ಮತ್ತೆ ಯಾಕೆ ಹೋಯ್ತು?”

“ತೂತಿಗೆ ಅಂಚಿನ ಜೊತೆ ಇರು ಅಂತ ಸ್ಕೆಚ್ಚಲ್ಲಿ ಹೇಳಿತ್ತು. ಅಂಚು ಹೋಯ್ತು, ಅದೂ ಹೋಯ್ತು. ಬೋಲ್ಟ್ ನೆಲದಲ್ಲಿ ಇದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.”

ಇಲ್ಲಿ ನಿಂತು ಹೊಸಬರಿಗೆ ಒಂದು ಮಾತು ಹೇಳಲೇಬೇಕು. ಎಲ್ಲ ಗೆರೆ ಕಪ್ಪಾಯಿತೆಂದರೆ ಸ್ಕೆಚ್ಚು ಗಟ್ಟಿಯಾಯಿತು ಎಂದಷ್ಟೇ ಅರ್ಥ, ಸರಿಯಾಯಿತು ಎಂದಲ್ಲ. ನಾಗರತ್ನಳ ಸ್ಕೆಚ್ಚಿನಲ್ಲಿ ಒಂದೆಳೆಯೂ ಸಡಿಲವಿರಲಿಲ್ಲ. ಆದರೆ ಆ ಪ್ಲೇಟಿನಲ್ಲಿ ಅಲುಗಬಾರದ್ದು ತೂತಿನಿಂದ ತೂತಿಗೆ ಇರುವ ದೂರ; ಅಂಚು ಗೌಡರ ದೊಡ್ಡಪ್ಪ ಹೇಳಿದಷ್ಟು ಹಿಗ್ಗಲಿ, ಕುಗ್ಗಲಿ. ಯಾವುದು ನಿಲ್ಲಬೇಕು, ಯಾವುದು ಸರಿದರೂ ನಡೆಯುತ್ತದೆ ಎಂದು ಮೊದಲು ತಿಳಿದುಕೊಂಡು ನಿಲ್ಲಬೇಕಾದ್ದಕ್ಕೆ ಅಳತೆ ಕೊಡಿ. ನಾಳೆ ಅಂಕಿ ತಿದ್ದುವವನು ನಿಮ್ಮನ್ನು ಕೇಳಿ ತಿದ್ದುವುದಿಲ್ಲ.

ನಾನು ಇಷ್ಟನ್ನು ಅಲ್ಲೂ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಶೇಷಗಿರಿ ಸಾಹೇಬರು ಪರದೆಯ ಹತ್ತಿರ ಬಂದು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹಿಂದಿನ ಅಂಕಿ ಹಾಕಿಸಿದರು. ತೂತುಗಳು ವಾಪಸು ಬಂದವು. ಹೊಸ ಅಂಕಿ ಹಾಕಿಸಿದರು. ಹೊರಟವು. ಬ್ಲೇಡಿನಿಂದ ಅಂಚು ಕೆರೆದು ಜೀವನ ಕಳೆದ ಮನುಷ್ಯ. ಕೆರೆಯದೆ ಇದ್ದ ತೂತು ಕಣ್ಣೆದುರೇ ಎದ್ದುಹೋದದ್ದನ್ನು ಅಂದು ಮೊದಲ ಸಲ ಕಂಡರು. ನನಗಾದರೋ ಆ ಆಘಾತ ಬರಿಯ ಒಂದು ಆಯತದಲ್ಲಿ ಮುಗಿದಿತ್ತು. ಅವರಿಗೆ ಆರು ಪ್ಲೇಟು ಮತ್ತು ಒಬ್ಬ ಹುಡುಗಿಯ ಜೊತೆ ಬಂತು.

“ಹಾಗಾದ್ರೆ ತೂತು ಸರಿಸಿದ್ದು ನಾನೇ,” ಎಂದರು.

ಬಾಗಿಲಲ್ಲಿ ಇಣುಕುತ್ತಿದ್ದ ಚಿಕ್ಕೀರಯ್ಯ ಜಗಿಯುವುದನ್ನು ನಿಲ್ಲಿಸಿದ. ನನ್ನ ಸೇವಾವಧಿಯಲ್ಲಿ ಚಲಿಸುವ ಗೆರೆ ನೋಡಿದ್ದೆ, ಆನೆ ಆಯದ ಕಬ್ಬಿಣ ನೋಡಿದ್ದೆ. ಒಬ್ಬ ಮೇಲಧಿಕಾರಿ, ಮಾಲೀಕರ ಎದುರು, ಟ್ರೇನಿಯ ಎದುರು, ತಪ್ಪಿನ ಪಕ್ಕದಲ್ಲಿ ‘ನಾನು’ ಎಂಬ ಪದವನ್ನು ತಂದು ಇಟ್ಟದ್ದನ್ನು ಮಾತ್ರ ನೋಡಿರಲಿಲ್ಲ. ಇಂಥದ್ದು ನಡೆದರೆ ಮುಂದೇನು ಮಾಡಬೇಕೆಂಬ ನಿಯಮ ಕಾರ್ಖಾನೆಯಲ್ಲಿ ಇರಲಿಲ್ಲ. ಮಾಲೀಕರಿಗೂ ಗೊತ್ತಾಗಲಿಲ್ಲ.

“ಇಲ್ಲ, ಅವಳೂ ಅರ್ಧ ಒಪ್ಪಿಕೊಂಡಿದ್ದಾಳಲ್ಲ,” ಎಂದರು, ದಾರಿ ಹುಡುಕುವವರಂತೆ.

“ಅವಳ ನಕ್ಷೆಗೆ ಸಹಿ ಹಾಕಿದೋನೂ ನಾನೇ ಸಾರ್,” ಎಂದರು ಸಾಹೇಬರು. “ಆ ಅರ್ಧವೂ ನಂದೇ ಅಂತ ಬರ್ಕೊಳ್ಳಿ. ಈಕೆ ಹೋದ್ರೆ ನಾನು ಇಲ್ಲಿ ಕೂತು ಇನ್ನೊಬ್ಬರ ಕೆಲಸಕ್ಕೆ ಸಹಿ ಹಾಕೋದು ಚೆನ್ನಾಗಿರಲ್ಲ.”

ಮಾಲೀಕರು ಕೀಬೋರ್ಡನ್ನು ಆಚೆಗೆ ತಳ್ಳಿದರು. ಆಮೇಲೆ, “ಹೊಸ ಪ್ಲೇಟ್ ಮಾಡಿಸಿ. ಗೌಡ್ರಿಗೆ ನಾನೇ ಫೋನ್ ಮಾಡ್ತೀನಿ,” ಎಂದು ಎದ್ದರು. ಬಾಗಿಲ ಹತ್ತಿರ ನಿಂತು, “ನೀನು ಕೂತ್ಕೊಂಡು ಕೆಲಸ ಮಾಡಮ್ಮ, ಯಾಕೆ ನಿಂತಿದ್ದೀಯ,” ಎಂದರು. ಆ ತಿಂಗಳ ಕೊನೆಗೆ ಅವಳನ್ನು ಕಾಯಂ ಮಾಡಿದರು.

ಅಂದು ಮಧ್ಯಾಹ್ನವೇ ನಾಗರತ್ನ ಸ್ಕೆಚ್ಚನ್ನು ಹೊಸದಾಗಿ ಬರೆದಳು. ಮೊದಲು ನಡುಗೆರೆ, ಅದರ ಎರಡೂ ಕಡೆ ತೂತುಗಳು, ತೂತಿಂದ ತೂತಿಗೆ ಸಾವಿರದ ಮುನ್ನೂರು. ಪ್ಲೇಟಿನ ಅಂಚನ್ನು ಎಲ್ಲಕ್ಕಿಂತ ಕೊನೆಗೆ, ಹೊರಗಿನವರಂತೆ ತಂದು ನಿಲ್ಲಿಸಿದಳು. ಅವಳು ಮುಗಿಸಿ ಕೈಕಾಲು ತೊಳೆಯಲು ಹೊರಗೆ ಹೋದಾಗ ಆಫೀಸಿನ ಫೋನು ಬಂತು. ಸಾಹೇಬರು ಎತ್ತಿದರು. ಹೊಂಬಾಳೇಗೌಡರು. ಅವರ ದೊಡ್ಡಪ್ಪ ರಾತ್ರಿಯೆಲ್ಲ ಯೋಚಿಸಿ, ಆಯವನ್ನು ಹೊಸದಾಗಿ ಗುಣಿಸಿದ್ದರಂತೆ. ಆನೆ ಬೇಡ, ಸಿಂಹ ಆಗಲಿ. ಇನ್ನೂ ಅರ್ಧ ಇಂಚು.

ಸಾಹೇಬರು ಅಂಕಿಯನ್ನು ಕೈಮೇಲೆ ಬರೆದುಕೊಂಡು ಅವಳ ಕಂಪ್ಯೂಟರಿನ ಹತ್ತಿರ ಬಂದರು. ಕುರ್ಚಿ ಖಾಲಿಯಿತ್ತು, ಸ್ಕೆಚ್ಚು ತೆರೆದೇ ಇತ್ತು. ಅವರು ಕೂರಲಿಲ್ಲ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬರುವವರೆಗೂ ಪಕ್ಕದಲ್ಲಿ ನಿಂತಿದ್ದರು.

“ನಂಬರ್ ಬದಲಾಯಿಸಬೇಕಂತೆ ನಾಗರತ್ನ,” ಎಂದರು. “ಬದಲಾಯಿಸ್ಲಾ?”

ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

“ಬದಲಾಯಿಸಿ ಸಾರ್. ಏನೂ ಆಗಲ್ಲ.”

ಅವರು ಕೂತು ಅಂಕಿ ಬರೆದರು. ಎಂಟರ್ ಒತ್ತುವಾಗ ಕಣ್ಣು ಮುಚ್ಚಿಕೊಂಡರು. ತೆರೆದಾಗ ಅಂಚು ಆಚೆಗೆ ಹೋಗಿತ್ತು. ತೂತುಗಳು ಇದ್ದಲ್ಲೇ ಇದ್ದವು.